ಜಿಆರ್‌ಇ ಎರಡನೇ ಸಲ: ಸ್ಕೋರ್ ಕೈಕೊಟ್ಟ ಮೇಲೆ ತಯಾರಿ ಹೇಗೆ?

ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕುವವರು ಬರೆಯುವ ಜಿಆರ್‌ಇ ಪರೀಕ್ಷೆ ಮುಗಿದ ಕೂಡಲೇ ಪರದೆಯ ಮೇಲೆ ಎರಡು ಸಂಖ್ಯೆಗಳು ಬರುತ್ತವೆ, ಒಂದು ವರ್ಬಲ್‌ಗೆ (ಇಂಗ್ಲಿಷ್ ಭಾಷೆ), ಇನ್ನೊಂದು ಕ್ವಾಂಟ್‌ಗೆ (ಗಣಿತ). ಅಂದುಕೊಂಡಿದ್ದಕ್ಕಿಂತ ಹತ್ತು ಅಂಕ ಕಡಿಮೆ ಕಂಡರೆ ಬಹಳಷ್ಟು ಜನ ಅದೇ ರಾತ್ರಿ ಮುಂದಿನ ದಿನಾಂಕ ಬುಕ್ ಮಾಡಿಬಿಡುತ್ತಾರೆ. ಮರುದಿನ ಹಳೆಯ ಪುಸ್ತಕವನ್ನೇ ಮೊದಲ ಪುಟದಿಂದ ತೆರೆದು ಕೂರುತ್ತಾರೆ. ಎರಡೂ ಬೇಡ. ಓದಿದ್ದನ್ನೇ ಓದಿದ ರೀತಿಯಲ್ಲೇ ಮತ್ತೆ ಓದಿದರೆ ಸ್ಕೋರ್ ಕೂಡ ಹೆಚ್ಚುಕಡಿಮೆ ಹಳೆಯದೇ ಬರುತ್ತದೆ. ಮೊದಲ ಸಲ ಸಿಲಬಸ್ ಓದಿಯಾಗಿದೆ. ಈ ಸಲ ಓದಬೇಕಾಗಿರುವುದು ನಿಮ್ಮ ತಪ್ಪುಗಳನ್ನು.

ಇಲ್ಲಿ ಹೇಳುವುದೆಲ್ಲ ಜಿಆರ್‌ಇ ಜನರಲ್ ಟೆಸ್ಟ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು. ಬಿಸಿನೆಸ್ ಸ್ಕೂಲ್ ಪ್ರವೇಶಕ್ಕೆ ಜಿಮ್ಯಾಟ್ ಬರೆಯುವವರಿಗೂ ಬಹುಪಾಲು ಅನ್ವಯಿಸುತ್ತದೆ. ನಿಯಮ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳಿದ್ದೇನೆ.

ನಿಜವಾಗಿಯೂ ಮತ್ತೆ ಬರೆಯಬೇಕೇ?

ವರ್ಬಲ್, ಕ್ವಾಂಟ್ ಎರಡಕ್ಕೂ ಸ್ಕೋರ್ 130ರಿಂದ 170ರವರೆಗೆ, ಒಂದೊಂದೇ ಅಂಕದ ಏರಿಕೆಯಲ್ಲಿ. ಅಂದರೆ ಇಡೀ ಅಳತೆಗೋಲಿನಲ್ಲಿ ಇರುವುದೇ 41 ಮೆಟ್ಟಿಲು. ಒಬ್ಬರೇ ಅಭ್ಯರ್ಥಿ, ಅದೇ ತಯಾರಿಯಲ್ಲಿ, ಎರಡು ಬೇರೆ ದಿನ ಬರೆದರೂ ಒಂದೆರಡು ಅಂಕ ಆಚೀಚೆ ಆಗುವುದು ಸಹಜ. ಹಾಗಾಗಿ ನಿಮಗೆ ಬೇಕಿದ್ದ ಸ್ಕೋರಿಗೂ ಬಂದ ಸ್ಕೋರಿಗೂ ಎರಡೇ ಅಂಕದ ಅಂತರವಿದ್ದರೆ ಮರುತಯಾರಿಗೆ ಹೋಗುವ ಎರಡು ತಿಂಗಳನ್ನು ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಯಾಕೆ ಓದಬೇಕೆಂದಿದ್ದೀರಿ ಎಂದು ಅರ್ಜಿಯ ಜೊತೆ ಕೊಡುವ ಬರಹ) ತಿದ್ದುವುದಕ್ಕೆ ಕೊಡುವುದು ಜಾಣತನ.

ಇನ್ನೊಂದು ಲೆಕ್ಕವೂ ಇದೆ. ನೀವು ಅರ್ಜಿ ಹಾಕುವ ವಿಭಾಗ ಯಾವ ಸಂಖ್ಯೆಯನ್ನು ನೋಡುತ್ತದೆ? ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ಗಳಲ್ಲಿ ಕ್ವಾಂಟ್‌ಗೆ ತೂಕ ಹೆಚ್ಚು. ಇತಿಹಾಸ, ಸಾಹಿತ್ಯದಂಥ ಕಡೆ ವರ್ಬಲ್ ಮತ್ತು ಬರವಣಿಗೆಗೆ ಹೆಚ್ಚು. ಅಷ್ಟೇ ಅಲ್ಲ, 2020ರ ನಂತರ ಅನೇಕ ವಿಭಾಗಗಳು ಜಿಆರ್‌ಇಯನ್ನು ಐಚ್ಛಿಕ ಮಾಡಿವೆ, ಕೆಲವು ಸ್ಕೋರ್ ಕಳಿಸಿದರೂ ನೋಡುವುದಿಲ್ಲ ಎನ್ನುತ್ತವೆ. ಮೊದಲು ನಿಮ್ಮ ಪಟ್ಟಿಯಲ್ಲಿರುವ ಒಂದೊಂದು ವಿಭಾಗದ ಪುಟಕ್ಕೂ ಹೋಗಿ ನೋಡಿ. ವಿಶ್ವವಿದ್ಯಾಲಯದ ಪುಟ ಸಾಲದು, ವಿಭಾಗದ್ದೇ ಬೇಕು. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳ ನಿಯಮ ಬೇರೆಬೇರೆ ಇರುತ್ತದೆ. ಪಟ್ಟಿಯ ಅರ್ಧಕ್ಕರ್ಧ ಕಡೆ ಸ್ಕೋರೇ ಬೇಡ ಎಂದು ಗೊತ್ತಾಗಿ ತಲೆನೋವು ಅಲ್ಲಿಗೇ ಮುಗಿದರೂ ಮುಗಿಯಬಹುದು.

ಮತ್ತೆ ಬರೆಯುವುದರಿಂದ ಲಾಭ ಆಗುತ್ತದೋ ಇಲ್ಲವೋ ಎಂದು ಊಹಿಸಲು ನನಗೆ ನಂಬಿಕೆ ಇರುವ ಸೂಚನೆ ಒಂದೇ: ಪರೀಕ್ಷೆಗೆ ಮುಂಚಿನ ಮಾಕ್‌ಗಳು, ಅಂದರೆ ಅಣಕು ಪರೀಕ್ಷೆಗಳು. ಅಧಿಕೃತ ಮಾಕ್‌ಗಳಲ್ಲಿ ನೀವು ಸತತವಾಗಿ ಹೆಚ್ಚು ಪಡೆಯುತ್ತಿದ್ದು, ಆ ದಿನ ಮಾತ್ರ ಕುಸಿದಿದ್ದರೆ ಸಮಸ್ಯೆ ಆ ದಿನದ್ದು; ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ. ಮಾಕ್ ಸ್ಕೋರೂ ನಿಜವಾದ ಸ್ಕೋರೂ ಒಂದೇ ಇದ್ದರೆ ಪರೀಕ್ಷೆ ನಿಮ್ಮನ್ನು ಸರಿಯಾಗಿಯೇ ಅಳೆದಿದೆ. ಆಗ ಬೇಕಿರುವುದು ಅದೃಷ್ಟವಲ್ಲ, ಹೊಸ ಕಲಿಕೆ. ಅದಕ್ಕೆ ತಿಂಗಳುಗಳೇ ಬೇಕು. ಮಾಕ್‌ಗಳನ್ನೇ ಬರೆದಿರಲಿಲ್ಲವೇ? ಹಾಗಿದ್ದರೆ ನಿಮ್ಮ ಮೊದಲ ಜಿಆರ್‌ಇಯೇ ಮಾಕ್ ಆಯಿತು. ದುಬಾರಿ ಮಾಕ್, ಆದರೆ ಪ್ರಯೋಜನಕ್ಕೆ ಬರುತ್ತದೆ.

ದಿನಾಂಕ: ಕೊನೆಯಿಂದ ಹಿಂದಕ್ಕೆ ಎಣಿಸಿ

ಜಿಆರ್‌ಇಯನ್ನು 21 ದಿನಕ್ಕೊಮ್ಮೆ ಬರೆಯಬಹುದು, ಯಾವುದೇ ಸತತ 12 ತಿಂಗಳಲ್ಲಿ ಐದು ಸಲ ಮಾತ್ರ. ಸ್ಕೋರ್ ರದ್ದು ಮಾಡಿಕೊಂಡ ಪರೀಕ್ಷೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಜಿಮ್ಯಾಟ್‌ಗೆ ಅಂತರ 16 ದಿನ, ಅಲ್ಲೂ 12 ತಿಂಗಳಿಗೆ ಐದೇ ಸಲ. 21 ದಿನ ಎನ್ನುವುದು ನಿಯಮ ಕೊಟ್ಟಿರುವ ಅವಕಾಶ ಅಷ್ಟೇ. ಅದನ್ನೇ ಓದಿನ ಯೋಜನೆ ಎಂದುಕೊಳ್ಳಬೇಡಿ. ದಿನಕ್ಕೆ ಎರಡು ಗಂಟೆ ಸಿಗುವವರಿಗೆ ಆರರಿಂದ ಹತ್ತು ವಾರ ಬೇಕೇಬೇಕು ಎಂದು ನನ್ನ ಅಭಿಪ್ರಾಯ.

ಅರ್ಜಿಯ ಕೊನೆಯ ದಿನದಿಂದ ಹಿಂದಕ್ಕೆ ಬನ್ನಿ. ಅಧಿಕೃತ ಸ್ಕೋರ್ ಬರಲು 8ರಿಂದ 10 ದಿನ, ಅದು ವಿಶ್ವವಿದ್ಯಾಲಯದ ಕಡತ ಸೇರಲು ಇನ್ನಷ್ಟು ದಿನ. ಏನಾದರೂ ಕೈಕೊಟ್ಟರೆ ಮತ್ತೊಂದು ಅವಕಾಶ ಉಳಿಯಲಿ ಎಂದು ಒಂದು ತಿಂಗಳು ಕೈಯಲ್ಲಿಟ್ಟುಕೊಂಡು ದಿನಾಂಕ ಹಾಕಿ. ಪರೀಕ್ಷೆಗೆ ನಾಲ್ಕು ದಿನ ಮುಂಚಿನವರೆಗೂ, ಶುಲ್ಕ ಕೊಟ್ಟು, ದಿನಾಂಕ ಬದಲಿಸಿಕೊಳ್ಳಬಹುದು ಎಂಬುದೂ ನೆನಪಿರಲಿ.

ಪೋಸ್ಟ್‌ಮಾರ್ಟಂ

ಇದನ್ನು ಪರೀಕ್ಷೆಯ ಮರುದಿನವೇ ಮಾಡಿದರೆ ಒಳ್ಳೆಯದು, ನೆನಪು ಬೇಗ ಮಸುಕಾಗುತ್ತದೆ. ಪ್ರಶ್ನೆಗಳನ್ನು ಬರೆದಿಡಲು ಹೋಗಬೇಡಿ. ಅದಕ್ಕೆ ನಿಯಮ ಒಪ್ಪುವುದಿಲ್ಲ, ಅದರಿಂದ ಉಪಯೋಗವೂ ಇಲ್ಲ. ಬರೆಯಬೇಕಾಗಿರುವುದು ನಿಮ್ಮ ಬಗ್ಗೆ. ಪರೀಕ್ಷೆಯ ಯಾವ ವಿಭಾಗದಲ್ಲಿ ಸಮಯ ಸಾಲಲಿಲ್ಲ? ಕೊನೆಯ ಎಷ್ಟು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರ ಒತ್ತಿದಿರಿ? ಒಂದೇ ಪ್ರಶ್ನೆಯಲ್ಲಿ ಮೂರು ನಾಲ್ಕು ನಿಮಿಷ ಸಿಕ್ಕಿಹಾಕಿಕೊಂಡದ್ದು ಎಲ್ಲಿ? ಎರಡನೇ ವಿಭಾಗ ಮೊದಲನೆಯದಕ್ಕಿಂತ ಕಷ್ಟ ಅನ್ನಿಸಿತೋ, ಸುಲಭ ಅನ್ನಿಸಿತೋ?

ಈ ಕೊನೆಯ ಪ್ರಶ್ನೆ ಯಾಕೆಂದರೆ ಜಿಆರ್‌ಇ ವಿಭಾಗದಿಂದ ವಿಭಾಗಕ್ಕೆ ಹೊಂದಿಕೊಳ್ಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯನ್ನು ಚಿಕ್ಕದು ಮಾಡಿದ ಮೇಲೆ ಒಟ್ಟು ಸಮಯ 1 ಗಂಟೆ 58 ನಿಮಿಷ. ವರ್ಬಲ್‌ನ ಮೊದಲ ವಿಭಾಗ 12 ಪ್ರಶ್ನೆ, 18 ನಿಮಿಷ. ಎರಡನೆಯದು 15 ಪ್ರಶ್ನೆ, 23 ನಿಮಿಷ. ಕ್ವಾಂಟ್‌ನಲ್ಲಿ 12 ಪ್ರಶ್ನೆಗೆ 21 ನಿಮಿಷ, 15 ಪ್ರಶ್ನೆಗೆ 26 ನಿಮಿಷ. ಮೊದಲ ವಿಭಾಗದಲ್ಲಿ ನೀವು ಹೇಗೆ ಮಾಡಿದಿರಿ ಎನ್ನುವುದರ ಮೇಲೆ ಎರಡನೆಯದರ ಕಷ್ಟದ ಮಟ್ಟ ನಿರ್ಧಾರವಾಗುತ್ತದೆ. ಎರಡನೇ ವಿಭಾಗ ಸುಲಭವಾಗಿತ್ತು ಎಂದು ಖುಷಿಪಟ್ಟು ಹೊರಬಂದವರ ಸ್ಕೋರ್ ಕೆಲವೊಮ್ಮೆ ಕಡಿಮೆ ಇರುವುದಕ್ಕೆ ಕಾರಣ ಇದೇ: ಮೊದಲ 12ರಲ್ಲೇ ಎಡವಟ್ಟಾಗಿರುತ್ತದೆ. ಸಾಮಾನ್ಯವಾಗಿ ಅದು ಕಠಿಣ ಪ್ರಶ್ನೆಗಳಿಂದಲ್ಲ. ಒಂದು ಕಠಿಣ ಪ್ರಶ್ನೆಗೆ ನಾಲ್ಕು ನಿಮಿಷ ಸುರಿದು, ಆಮೇಲೆ ಅವಸರದಲ್ಲಿ ಎರಡು ಸುಲಭದ್ದನ್ನು ಕೈಬಿಟ್ಟಿದ್ದರಿಂದ. ಒಂದು ವಿಭಾಗದೊಳಗೆ ಎಲ್ಲ ಪ್ರಶ್ನೆಗೂ ಬೆಲೆ ಒಂದೇ.

ತಪ್ಪುಗಳ ನೋಟ್‌ಬುಕ್

ಇಡೀ ತಯಾರಿಯಲ್ಲಿ ಒಂದನ್ನೇ ಮಾಡುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನು ಮಾಡಿ.

ಅಧಿಕೃತ ಪ್ರಶ್ನೆಗಳನ್ನೇ ತೆಗೆದುಕೊಳ್ಳಿ, ಅಂದರೆ ಪರೀಕ್ಷೆ ನಡೆಸುವ ಇಟಿಎಸ್ ಪ್ರಕಟಿಸಿರುವವು. ಕ್ವಾಂಟ್‌ನಲ್ಲಿ ಬೇರೆ ಕಂಪನಿಗಳ ಪ್ರಶ್ನೆ ನಡೆಯುತ್ತದೆ, ವರ್ಬಲ್‌ನಲ್ಲಿ ಬೇಡವೇ ಬೇಡ: ಉತ್ತರ ಯಾಕೆ ಸರಿ ಎನ್ನುವ ತರ್ಕದ ಹದ ಬೇರೆಯವರಿಗೆ ಸಿಗುವುದು ಕಷ್ಟ, ಅಂಥವನ್ನು ಬಿಡಿಸಿ ಬಿಡಿಸಿ ಇದ್ದ ಅಂದಾಜೂ ಕೆಡುತ್ತದೆ. ಸಮಯ ಇಟ್ಟುಕೊಂಡು 12 ಪ್ರಶ್ನೆ ಬಿಡಿಸಿ. ಉತ್ತರ ನೋಡುವ ಮೊದಲು, ಅನುಮಾನ ಇದ್ದವನ್ನೆಲ್ಲ ಸಮಯದ ಹಂಗಿಲ್ಲದೆ ಮತ್ತೆ ಬಿಡಿಸಿ ಬೇರೆ ಬಣ್ಣದಲ್ಲಿ ಗುರುತು ಹಾಕಿ. ಆಮೇಲಷ್ಟೇ ಉತ್ತರ ನೋಡಿ.

ಈಗ ತಪ್ಪುಗಳು ತಾವಾಗಿಯೇ ಬೇರೆಬೇರೆಯಾಗಿ ನಿಲ್ಲುತ್ತವೆ. ಸಮಯದ ಹಂಗಿಲ್ಲದೆ ಬಿಡಿಸಿದರೂ ತಪ್ಪಾದದ್ದು ನಿಮಗೆ ಗೊತ್ತಿಲ್ಲದ ವಿಷಯ. ಅಲ್ಲಿ ಓದು ಬೇಕು. ಎರಡನೇ ಸಲ ಸರಿಯಾದದ್ದು ಗೊತ್ತಿದ್ದರೂ ಅವಸರಕ್ಕೆ ಹೋದದ್ದು. ಅಲ್ಲಿ ಓದಿ ಪ್ರಯೋಜನವಿಲ್ಲ, ಬಿಡಿಸುವ ಕ್ರಮ ಬದಲಾಗಬೇಕು. ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡದ್ದು ಇನ್ನೊಂದು ಜಾತಿ: ಕೇಳಿದ್ದು ವ್ಯಾಸ, ನೀವು ಕೊಟ್ಟಿದ್ದು ತ್ರಿಜ್ಯ. ಉತ್ತರ ಸರಿ ಬಂದು, ಮೂರೂವರೆ ನಿಮಿಷ ಹಿಡಿದದ್ದನ್ನೂ ತಪ್ಪೆಂದೇ ಎಣಿಸಿ. ಊಹೆ ಹೊಡೆದು ಸರಿಯಾದದ್ದನ್ನೂ ಅಷ್ಟೇ. ಬಹಳ ಜನ ಈ ಕೊನೆಯ ಎರಡನ್ನು ಬರೆಯುವುದೇ ಇಲ್ಲ, ಪರೀಕ್ಷೆಯ ದಿನ ಅವೇ ಬಂದು ಕಾಡುತ್ತವೆ.

ಪ್ರತಿಯೊಂದರ ಮುಂದೆ ಒಂದು ವಾಕ್ಯ ಬರೆಯಿರಿ, ಮುಂದಿನ ಸಲ ಏನನ್ನು ನೋಡಿದಾಗ ಏನು ಮಾಡುತ್ತೇನೆ ಎಂದು. ‘ಕೇರ್‌ಲೆಸ್ ಮಿಸ್ಟೇಕ್’ ಎಂದು ಬರೆದು ಮುಂದೆ ಹೋಗುವುದಕ್ಕೆ ನೋಟ್‌ಬುಕ್ ಬೇಡ. ‘ಸಂಖ್ಯೆ ಪೂರ್ಣಾಂಕ ಎಂದು ಹೇಳಿರದಿದ್ದರೆ ಭಿನ್ನರಾಶಿ ಹಾಕಿ ನೋಡುತ್ತೇನೆ’ ಎಂಬುದು ಕೆಲಸಕ್ಕೆ ಬರುವ ವಾಕ್ಯ. ವಾರ ಬಿಟ್ಟು ಅದೇ ಪ್ರಶ್ನೆಗಳನ್ನು, ವಿವರಣೆ ನೋಡದೆ, ಮತ್ತೆ ಬಿಡಿಸಿ. ಎರಡು ವಾರ ಕಳೆಯುವಷ್ಟರಲ್ಲಿ ನಿಮ್ಮ ಮುಕ್ಕಾಲು ಪಾಲು ತಪ್ಪುಗಳು ನಾಲ್ಕೈದು ಕಾರಣಗಳಿಂದಲೇ ಆಗುತ್ತಿವೆ ಎಂದು ಕಂಡರೆ ಆಶ್ಚರ್ಯಪಡಬೇಡಿ.

ಕ್ವಾಂಟ್

ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶ ವಿಶ್ಲೇಷಣೆ, ಇಷ್ಟೇ. ತ್ರಿಕೋನಮಿತಿ ಇಲ್ಲ, ಕ್ಯಾಲ್ಕುಲಸ್ ಇಲ್ಲ. ಎಂಜಿನಿಯರಿಂಗ್ ಓದಿದವರು ಇಲ್ಲೇ ಎಡವುವುದು, ಪ್ರೌಢಶಾಲೆಯ ಗಣಿತ ತಾನೇ ಎಂದು. ಗಣಿತ ಪ್ರೌಢಶಾಲೆಯದೇ, ಪ್ರಶ್ನೆ ಮಾತ್ರ ನಿಮ್ಮ ಅಭ್ಯಾಸಬಲವನ್ನು ನಂಬಿ ಬಲೆ ಬೀಸಿರುತ್ತದೆ.

ಎರಡು ಪರಿಮಾಣಗಳಲ್ಲಿ ಯಾವುದು ದೊಡ್ಡದು ಎಂದು ಕೇಳುವ ಕ್ವಾಂಟಿಟೇಟಿವ್ ಕಂಪ್ಯಾರಿಸನ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದು ಸಂಖ್ಯೆಯ ವರ್ಗ 16 ಎಂದು ಕೊಟ್ಟಿದ್ದಾರೆ. ಆ ಸಂಖ್ಯೆ ದೊಡ್ಡದೋ, 4 ದೊಡ್ಡದೋ? ಕೈ ತಾನಾಗಿಯೇ ‘ಎರಡೂ ಸಮ’ ಕಡೆಗೆ ಹೋಗುತ್ತದೆ. ಆದರೆ ಆ ಸಂಖ್ಯೆ –4 ಕೂಡ ಆಗಬಹುದು, ಆದ್ದರಿಂದ ‘ಹೇಳಲು ಬರುವುದಿಲ್ಲ’ ಎಂಬುದೇ ಉತ್ತರ. ಈ ಬಗೆಯ ಪ್ರಶ್ನೆಗೆ ಸೊನ್ನೆ, ಒಂದು, ಋಣ ಸಂಖ್ಯೆ, ಸೊನ್ನೆ ಮತ್ತು ಒಂದರ ನಡುವಿನ ಭಿನ್ನರಾಶಿ, ದೊಡ್ಡ ಸಂಖ್ಯೆ, ಇವನ್ನು ಒಂದೊಂದಾಗಿ ಹಾಕಿ ನೋಡುವುದು ಅಭ್ಯಾಸವಾಗಬೇಕು. ಎರಡು ಬೇರೆ ಫಲಿತಾಂಶ ಬಂದ ಕೂಡಲೇ ನಿಲ್ಲಿಸಿ, ಮುಂದೆ ಹೋಗಿ.

ಶೇಕಡಾವಾರು ಲೆಕ್ಕದಲ್ಲೂ ಇದೇ ಕಥೆ. ಬೆಲೆ 20% ಏರಿ ಆಮೇಲೆ 20% ಇಳಿದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ, 4% ಕೆಳಗೆ ನಿಲ್ಲುತ್ತದೆ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇದೆ. ಆದರೆ ಪ್ರತಿ ಪ್ರಶ್ನೆಗೆ ಸಿಗುವುದು ಸುಮಾರು ಒಂದು ನಿಮಿಷ ಮುಕ್ಕಾಲು. ಮೌಸ್‌ನಿಂದ ಅಂಕಿ ಒತ್ತುತ್ತ ಕೂತರೆ ಅರ್ಧ ಸಮಯ ಅಲ್ಲೇ ಹೋಗುತ್ತದೆ. ಮನೆಯ ಅಭ್ಯಾಸದಲ್ಲೂ ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್ ಬಿಟ್ಟು ಪರದೆಯ ಮೇಲಿನದ್ದನ್ನೇ ಬಳಸಿ.

ಮೊದಲ ಸಲ ಕ್ವಾಂಟ್ 150ರ ಆಸುಪಾಸಿನಲ್ಲಿದ್ದರೆ ಮಾಕ್ ಬದಿಗಿಡಿ. ಎರಡು ಮೂರು ವಾರ ವಿಷಯವಾರು ಓದೇ ಆಗಲಿ. 160 ದಾಟಿದವರಿಗೆ ಹೊಸ ವಿಷಯ ಹೆಚ್ಚೇನೂ ಇರುವುದಿಲ್ಲ, ಅವರ ಅಂಕಗಳೆಲ್ಲ ನೋಟ್‌ಬುಕ್‌ನಲ್ಲೇ ಅಡಗಿರುತ್ತವೆ.

ವರ್ಬಲ್

ವರ್ಬಲ್ ಅಂದರೆ ಪದಪಟ್ಟಿ ಎಂಬ ನಂಬಿಕೆ ಹೋಗುವುದೇ ಇಲ್ಲ. ಪ್ರಶ್ನೆಗಳಲ್ಲಿ ಸುಮಾರು ಅರ್ಧ ರೀಡಿಂಗ್ ಕಾಂಪ್ರಹೆನ್ಷನ್, ಅಂದರೆ ಪ್ಯಾಸೇಜು ಓದಿ ಉತ್ತರಿಸುವಂಥವು. ಮೊದಲ ಸಲ ಸಾವಿರ ಪದ ಉರು ಹೊಡೆದೂ ಸ್ಕೋರ್ ಮೇಲೇಳದಿದ್ದರೆ ಇನ್ನೊಂದು ಸಾವಿರ ಪದ ಅದಕ್ಕೆ ಮದ್ದಲ್ಲ.

ಹಾಗಂತ ಪದಗಳನ್ನು ಪೂರ್ತಿ ಬಿಡುವಂತೆಯೂ ಇಲ್ಲ, ಕಲಿಯುವ ರೀತಿ ಬದಲಾಗಬೇಕು. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂದು ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದರು. ಅಂತರ ಬಿಟ್ಟು ಮರಳಿ ನೋಡುವುದೇ ಇದಕ್ಕೆ ಉಪಾಯ: ಇಂದು, ಎರಡು ದಿನ ಬಿಟ್ಟು, ವಾರ ಬಿಟ್ಟು, ಎರಡು ವಾರ ಬಿಟ್ಟು. ಪಟ್ಟಿಯನ್ನು ಮತ್ತೆ ಮತ್ತೆ ಓದುವುದಕ್ಕಿಂತ ಅರ್ಥ ಮುಚ್ಚಿಕೊಂಡು ನೆನಪಿಸಿಕೊಳ್ಳುವುದು ಮೇಲು. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮರಳಿ ಓದಿದವರಿಗಿಂತ ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರು ಒಂದು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರು. ದಿನಕ್ಕೆ 15 ಹೊಸ ಪದ ಸಾಕು, ಹಳೆಯದಕ್ಕೆ ಅದರ ಎರಡರಷ್ಟು ಸಮಯ ಕೊಡಿ. ಗೊತ್ತಿರುವ ಪದಗಳ ಗೊತ್ತಿಲ್ಲದ ಅರ್ಥದ ಕಡೆಗೂ ಗಮನವಿರಲಿ. ‘ಫ್ಲ್ಯಾಗ್’ ಎಂದರೆ ಬಾವುಟ ಎಂದಷ್ಟೇ ಗೊತ್ತಿದ್ದವರು, ಉತ್ಸಾಹ ಕುಗ್ಗಿತು ಎಂಬ ಅರ್ಥದಲ್ಲಿ ಅದು ಬಂದಾಗ ಆಯ್ಕೆಯನ್ನು ಮೊದಲೇ ಹೊಡೆದುಹಾಕಿರುತ್ತಾರೆ.

ಖಾಲಿ ಜಾಗ ತುಂಬುವ ಟೆಕ್ಸ್ಟ್ ಕಂಪ್ಲೀಷನ್‌ನಲ್ಲಿ ಆಯ್ಕೆಗಳನ್ನು ಕೈಯಿಂದ ಮುಚ್ಚಿ. ವಾಕ್ಯ ಓದಿ, ಖಾಲಿ ಜಾಗಕ್ಕೆ ನಿಮ್ಮದೇ ಒಂದು ಪದ ಹಾಕಿ, ಕನ್ನಡದ್ದಾದರೂ ಸರಿ. ಆಮೇಲೆ ಆಯ್ಕೆ ನೋಡಿ. ‘ಆಲ್ದೋ’, ‘ಫಾರ್ ಫ್ರಮ್’, ‘ಈವನ್’ ಇಂಥವು ವಾಕ್ಯ ಯಾವ ಕಡೆ ಹೊರಳುತ್ತದೆ ಎಂದು ಹೇಳುತ್ತವೆ. ಕಠಿಣ ಪದಕ್ಕಿಂತ ಈ ಸಣ್ಣ ಪದ ತಪ್ಪಿಸಿಕೊಂಡದ್ದರಿಂದಲೇ ಹೋಗುವ ಅಂಕ ಹೆಚ್ಚು. ಮೂರು ಖಾಲಿ ಇದ್ದರೆ ಮೂರೂ ಸರಿಯಾದರಷ್ಟೇ ಅಂಕ. ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡು ಪದ ಆರಿಸಬೇಕಾದ ಸೆಂಟೆನ್ಸ್ ಇಕ್ವಿವಲೆನ್ಸ್‌ನ ಆರು ಆಯ್ಕೆಗಳಲ್ಲಿ ಒಂದು ಸಮಾನಾರ್ಥಕ ಜೋಡಿ ಎದ್ದು ಕಾಣಬಹುದು, ಆದರೆ ಅದು ವಾಕ್ಯಕ್ಕೇ ಹೊಂದದಿರಬಹುದು. ಜೋಡಿ ಹುಡುಕುವುದು ಆಮೇಲೆ, ಮೊದಲು ವಾಕ್ಯದ ಅರ್ಥ.

ಓದಿನ ಭಾಗಕ್ಕೆ ಅಡ್ಡದಾರಿ ಇಲ್ಲ. ಇಂಗ್ಲಿಷಿನಲ್ಲಿ ಯೋಚಿಸಿ ಬೆಳೆಯದವರಿಗಂತೂ ವಾಕ್ಯದ ಉದ್ದವೇ ದಣಿಸುತ್ತದೆ. ದಿನಕ್ಕೆ ಅರ್ಧ ಗಂಟೆ ನಿಮಗೆ ಆಸಕ್ತಿಯಿಲ್ಲದ ವಿಷಯದ ಗಂಭೀರ ಲೇಖನ ಓದಿ: ವಿಜ್ಞಾನದವರು ಕಲಾವಿಮರ್ಶೆ, ಕಲೆಯವರು ಜೀವಶಾಸ್ತ್ರ. ಪ್ರತಿ ಪ್ಯಾರಾ ಮುಗಿದಾಗ ಲೇಖಕರು ಇಲ್ಲಿ ಏನು ಹೇಳಿದರು ಎಂದಲ್ಲ, ಏನು ಮಾಡಿದರು ಎಂದು ಒಂದು ಸಾಲು ಬರೆಯಿರಿ. ಹಳೆಯ ವಾದವನ್ನು ಮುಂದಿಟ್ಟರು, ಅದಕ್ಕೊಂದು ಅಪವಾದ ತೋರಿಸಿದರು, ತಮ್ಮ ಮಾತಿಗೇ ಮಿತಿ ಹಾಕಿಕೊಂಡರು, ಹೀಗೆ. ಪರೀಕ್ಷೆಯಲ್ಲಿ ಕೇಳುವುದು ಬಹುಪಾಲು ಇದನ್ನೇ. ತಪ್ಪು ಆಯ್ಕೆಗಳು ಸುಳ್ಳಾಗಿರಬೇಕೆಂದೇನಿಲ್ಲ. ನಿಜವಿದ್ದೂ ಪ್ಯಾಸೇಜಿನಲ್ಲಿ ಇಲ್ಲದ್ದು, ಮುಕ್ಕಾಲು ಸರಿಯಿದ್ದು ಕೊನೆಯ ಒಂದು ಪದದಲ್ಲಿ ಅತಿ ಮಾಡಿದ್ದು, ಇವೇ ಸಾಮಾನ್ಯ ಬಲೆಗಳು.

ಬರವಣಿಗೆಯ ವಿಭಾಗದಲ್ಲಿ ಈಗ ಒಂದೇ ಪ್ರಬಂಧ, 30 ನಿಮಿಷ. ವಿಷಯಗಳ ಇಡೀ ಪಟ್ಟಿಯನ್ನು ಇಟಿಎಸ್ ಮೊದಲೇ ಪ್ರಕಟಿಸಿದೆ. ವಾರಕ್ಕೊಂದು ಆರಿಸಿ ಬರೆಯಿರಿ, ಒಂದು ನಿಲುವು, ಅದಕ್ಕೆ ನಿರ್ದಿಷ್ಟ ಉದಾಹರಣೆ, ಎದುರು ವಾದಕ್ಕೊಂದು ಉತ್ತರ. ಬೇರೆ ಸ್ಕೋರ್ ಚೆನ್ನಾಗಿದ್ದು ಇದೊಂದೇ ಕಡಿಮೆ ಬಂದಿದ್ದರೆ, ಅದಕ್ಕಾಗಿ ಮಾತ್ರ ಮತ್ತೆ ಬರೆಯುವ ಮುನ್ನ ನೀವು ಅರ್ಜಿ ಹಾಕುವ ವಿಭಾಗದವರನ್ನು ಇಮೇಲ್‌ನಲ್ಲಿ ಕೇಳಿ.

ಮಾಕ್ ಬರೆಯುವ ಕ್ರಮ

ಇಟಿಎಸ್‌ನ ಪವರ್‌ಪ್ರೆಪ್ ಆನ್‌ಲೈನ್‌ನಲ್ಲಿ ಎರಡು ಮಾಕ್ ಉಚಿತ. ಮೊದಲ ಸಲವೇ ಅವನ್ನು ಬರೆದಿದ್ದರೆ ಈಗ ಬರುವ ಸ್ಕೋರನ್ನು ನಂಬಬೇಡಿ, ಪ್ರಶ್ನೆ ನೆನಪಿರುತ್ತದೆ. ಹಣ ಕೊಟ್ಟು ಪಡೆಯುವ ಪವರ್‌ಪ್ರೆಪ್ ಪ್ಲಸ್‌ನ ಹೊಸ ಮಾಕ್‌ಗಳನ್ನು ಕೊನೆಯ ನಾಲ್ಕು ವಾರಕ್ಕೆ ಕಾದಿರಿಸಿ. ಖರ್ಚು ಮಾಡುವುದೇ ಆದರೆ ಇನ್ನೊಂದು ಕೋಚಿಂಗ್‌ಗಿಂತ ಇದಕ್ಕೆ ಮಾಡಿ.

ವಾರಕ್ಕೆ ಒಂದೇ ಮಾಕ್. ನಿಮ್ಮ ಪರೀಕ್ಷೆ ಬೆಳಿಗ್ಗೆ ಇದ್ದರೆ ಮಾಕ್ ಕೂಡ ಬೆಳಿಗ್ಗೆಯೇ, ಫೋನ್ ಬೇರೆ ಕೋಣೆಯಲ್ಲಿ, ನಡುವೆ ಏಳುವಂತಿಲ್ಲ. ನಿಜವಾದ ಪರೀಕ್ಷೆಯಲ್ಲಿ ಈಗ ವಿರಾಮವೇ ಇಲ್ಲ. ಪ್ರಬಂಧವನ್ನು ಬಿಟ್ಟು ಮಾಕ್ ಬರೆಯುವ ಚಟ ಬಹಳ ಜನಕ್ಕಿದೆ. ಆ 30 ನಿಮಿಷದ ದಣಿವು ಹೊತ್ತುಕೊಂಡೇ ವರ್ಬಲ್, ಕ್ವಾಂಟ್ ಬಿಡಿಸಬೇಕಾಗುತ್ತದೆ ಎನ್ನುವುದು ಆಗ ಗೊತ್ತಾಗುವುದಿಲ್ಲ. ಮನೆಯಿಂದ ಬರೆಯುವವರಿಗೆ ಸಾಮಾನ್ಯ ಹಾಳೆಗೆ ಅನುಮತಿ ಇಲ್ಲ, ಅಳಿಸಬಹುದಾದ ಚಿಕ್ಕ ವೈಟ್‌ಬೋರ್ಡಿನಂಥದ್ದರ ಮೇಲೇ ಲೆಕ್ಕ ಮಾಡಬೇಕು. ಅದರ ಮೇಲೆ ಬರೆಯುವುದು ಮೊದಮೊದಲು ಕಿರಿಕಿರಿ, ಮಾಕ್‌ನಲ್ಲೇ ರೂಢಿಸಿಕೊಳ್ಳಿ.

ಮಾಕ್‌ನ ಮರುದಿನ ಪೂರ್ತಿ ಅದರ ವಿಶ್ಲೇಷಣೆಗೆ. ಎರಡು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ ವಿಶ್ಲೇಷಣೆ ಹಿಡಿದರೂ ಹೆಚ್ಚಲ್ಲ. ಒಂದು ಮಾಕ್‌ನಿಂದ ಇನ್ನೊಂದಕ್ಕೆ ಮೂರು ಅಂಕ ಇಳಿದರೆ ಗಾಬರಿ ಬೇಡ, ಮೂರರ ಸರಾಸರಿ ನೋಡಿ. ಆ ಸರಾಸರಿ ಹಳೆಯ ಸ್ಕೋರಿಗಿಂತ ಸ್ಪಷ್ಟವಾಗಿ ಮೇಲಿಲ್ಲದಿದ್ದರೆ ಮೇಲೆ ಹೇಳಿದ ನಾಲ್ಕು ದಿನದ ಗಡುವಿನೊಳಗೆ ಪರೀಕ್ಷೆ ಮುಂದೂಡಿ. ಧೈರ್ಯ ಮಾಡಿ ಬರೆದುಬಿಡೋಣ ಎನ್ನುವುದು ಮೊದಲ ಸಲಕ್ಕೆ ಸರಿ.

ಪರೀಕ್ಷೆಯನ್ನೇ ಬದಲಿಸುವ ಯೋಚನೆ ಬಿಸಿನೆಸ್ ಸ್ಕೂಲ್‌ಗೆ ಹೋಗುವವರಿಗೆ ಬರಬಹುದು, ಬಹಳಷ್ಟು ಕಡೆ ಜಿಆರ್‌ಇ, ಜಿಮ್ಯಾಟ್ ಎರಡೂ ನಡೆಯುತ್ತವೆ. ಈಗಿನ ಜಿಮ್ಯಾಟ್‌ನಲ್ಲಿ 64 ಪ್ರಶ್ನೆ, 2 ಗಂಟೆ 15 ನಿಮಿಷ, ಮೂರು ವಿಭಾಗಕ್ಕೆ ತಲಾ 45 ನಿಮಿಷ, ಸ್ಕೋರ್ 205ರಿಂದ 805. ಪ್ರಬಂಧ ಇಲ್ಲ, ರೇಖಾಗಣಿತ ಇಲ್ಲ, ಪದಸಂಪತ್ತಿನ ಪ್ರಶ್ನೆಗಳೂ ಇಲ್ಲ. ಬದಲಿಗೆ ಡೇಟಾ ಇನ್‌ಸೈಟ್ಸ್ ಇದೆ, ಕೋಷ್ಟಕ, ನಕ್ಷೆಗಳ ದತ್ತಾಂಶ ಓದಿ ಉತ್ತರಿಸುವ ವಿಭಾಗ. ಕಠಿಣ ಇಂಗ್ಲಿಷ್ ಪದಗಳೇ ನಿಮ್ಮನ್ನು ಕೆಳಗೆಳೆದಿದ್ದರೆ ಒಂದು ಉಚಿತ ಜಿಮ್ಯಾಟ್ ಮಾಕ್ ಬರೆದು ನೋಡುವುದರಲ್ಲಿ ನಷ್ಟವಿಲ್ಲ. ಸಮಯ ಸಾಲದೇ ಕೆಟ್ಟಿದ್ದರೆ ಅಲ್ಲೂ ಅದೇ ಪಾಡು.

ಕೊನೆಯ ವಾರ, ಪರೀಕ್ಷೆಯ ದಿನ

ಕೊನೆಯ ಮಾಕ್‌ಗೂ ಪರೀಕ್ಷೆಗೂ ನಾಲ್ಕೈದು ದಿನ ಅಂತರ ಇರಲಿ. ಆ ದಿನಗಳಲ್ಲಿ ಹೊಸದೇನೂ ಬೇಡ, ನೋಟ್‌ಬುಕ್‌ನ ವಾಕ್ಯಗಳನ್ನಷ್ಟೇ ಓದಿ. ನೋಂದಣಿಯ ಹೆಸರು ಗುರುತಿನ ದಾಖಲೆಯಲ್ಲಿರುವಂತೆಯೇ ಇದೆಯೇ ಎಂದು ಇನ್ನೊಮ್ಮೆ ನೋಡಿ.

ಪರೀಕ್ಷೆಯಲ್ಲಿ ಎರಡು ಸುತ್ತು ಹಾಕಿ. ಮೊದಲ ಸುತ್ತಿನಲ್ಲಿ ದಾರಿ ಕಾಣುವ ಪ್ರಶ್ನೆಗಳೆಲ್ಲ. ಅರ್ಧ ನಿಮಿಷ ನೋಡಿದರೂ ದಾರಿ ಹೊಳೆಯದಿದ್ದರೆ ಒಂದು ಉತ್ತರ ಒತ್ತಿ, ‘ಮಾರ್ಕ್’ ಮಾಡಿ, ಮುಂದೆ ನಡೆಯಿರಿ. ವಿಭಾಗದ ಒಳಗೆ ಹಿಂದೆ ಮುಂದೆ ಹೋಗಿ ಉತ್ತರ ಬದಲಿಸಲು ಜಿಆರ್‌ಇ ಬಿಡುತ್ತದೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಜಿಮ್ಯಾಟ್‌ನಲ್ಲಿ ಉತ್ತರಿಸದೆ ಮುಂದಿನ ಪ್ರಶ್ನೆಗೆ ಹೋಗಲಾಗದು, ವಿಭಾಗದ ಕೊನೆಯಲ್ಲಿ ಮೂರು ಉತ್ತರಗಳನ್ನಷ್ಟೇ ಬದಲಿಸಬಹುದು. ಎರಡನೇ ವಿಭಾಗ ಕಷ್ಟ ಅನ್ನಿಸಿದರೆ ಅದು ಒಳ್ಳೆಯ ಸುದ್ದಿಯೇ ಇರಬಹುದು. ಆ ಲೆಕ್ಕ ಅಲ್ಲಿ ಕೂತು ಹಾಕಬೇಡಿ.

ಮುಗಿದ ಮೇಲೆ, ಸ್ಕೋರ್ ನೋಡುವ ಮೊದಲೇ, ಉಳಿಸಿಕೊಳ್ಳುತ್ತೀರೋ ರದ್ದು ಮಾಡುತ್ತೀರೋ ಎಂದು ಕೇಳುತ್ತದೆ. ಉಳಿಸಿಕೊಳ್ಳಿ. ಯಾವ ಸ್ಕೋರ್ ಕಳಿಸಬೇಕೆಂದು ನೀವೇ ಆರಿಸುವ ಸ್ಕೋರ್‌ಸೆಲೆಕ್ಟ್ ಸೌಲಭ್ಯ ಇರುವಾಗ ರದ್ದು ಮಾಡುವುದಕ್ಕೆ ಕಾರಣವೇ ಇಲ್ಲ. ಆ ದಿನವೇ ನಾಲ್ಕು ಸಂಸ್ಥೆಗಳಿಗೆ ಉಚಿತವಾಗಿ ಕಳಿಸಬಹುದು: ಇತ್ತೀಚಿನದ್ದು ಮಾತ್ರ, ಇಲ್ಲವೇ ಕಳೆದ ಐದು ವರ್ಷಗಳದ್ದೆಲ್ಲ. ಯಾವ ದಿನದ್ದು ಬೇಕೋ ಅದನ್ನೇ ಆರಿಸುವ ಅವಕಾಶ ಆಮೇಲೆ, ಶುಲ್ಕ ಕೊಟ್ಟು ಕಳಿಸುವಾಗ ಸಿಗುತ್ತದೆ. ನೀವು ಆರಿಸದ ಪರೀಕ್ಷೆಯ ಸುಳಿವೂ ವರದಿಯಲ್ಲಿ ಇರುವುದಿಲ್ಲ. ಆದರೆ ಮೊದಲ ಸಲದ ಕ್ವಾಂಟ್, ಎರಡನೇ ಸಲದ ವರ್ಬಲ್ ಎಂದು ಆಯ್ದು ಜೋಡಿಸಲು ಬರುವುದಿಲ್ಲ, ಒಂದು ದಿನದ್ದು ಎಂದರೆ ಆ ದಿನದ್ದೆಲ್ಲವೂ. ಒಂದು ಸಲ ಕ್ವಾಂಟ್, ಇನ್ನೊಂದು ಸಲ ವರ್ಬಲ್ ಮೇಲಿದ್ದರೆ ಎರಡನ್ನೂ ಕಳಿಸಿ. ಪ್ರತಿ ಭಾಗದ ಅತಿ ಹೆಚ್ಚಿನದ್ದನ್ನು ತಾವೇ ಆಯ್ದು ನೋಡುವ ವಿಶ್ವವಿದ್ಯಾಲಯ ವಿಭಾಗಗಳೂ ಇವೆ. ಎಲ್ಲ ಸ್ಕೋರನ್ನೂ ಕಳಿಸಲೇಬೇಕು ಎನ್ನುವ ಕಡೆಗಳೂ ಇರಬಹುದು, ಆದ್ದರಿಂದ ನಾಲ್ಕು ಹೆಸರು ಆರಿಸುವ ಮೊದಲೇ ಆ ವಿಭಾಗಗಳ ನಿಯಮ ಓದಿಕೊಂಡು ಹೋಗಿ.